ನಾಗಾವಿಯ ಘಟಿಕಾಸ್ಥಾನದಲ್ಲಿ ಯಾರಿಗೆ ಪ್ರವೇಶವಿತ್ತು?

ಹೋದ ಚಳಿಗಾಲದ ಒಂದು ಭಾನುವಾರ ಹಾಸ್ಟೆಲ್‌ನ ಹತ್ತು-ಹನ್ನೆರಡು ಹುಡುಗರನ್ನು ಕರಕೊಂಡು ನಾಗಾವಿಗೆ ಹೋಗಿದ್ದೆ. ಚಿತ್ತಾಪುರ ಪಟ್ಟಣಕ್ಕೆ ಹೊಂದಿಕೊಂಡೇ ಇರುವ ಜಾಗ. ಯಲ್ಲಮ್ಮನ ಗುಡಿಗೆ ಬರುವ ಜನ ಬಹಳ, ಅರವತ್ತು ಕಂಬದ ಗುಡಿಯ ಕಡೆ ಹೊರಳಿ ನೋಡುವವರು ಕಡಿಮೆ. ನನಗೋ ಅಲ್ಲಿ ನಿಂತರೆ ಸಾಕು, ಮಾತು ತಾನೇ ಶುರುವಾಗುತ್ತದೆ. ವರ್ಷಗಟ್ಟಲೆ ಹೇಳಿ ಹೇಳಿ ಬಾಯಿಪಾಠ ಆಗಿರುವ ಮಾತು ಅದು. "ನಳಂದಾ, ತಕ್ಷಶಿಲಾ ಅಂತೀರಲ್ಲ, ನಮ್ಮ ತಾಲೂಕಿನಾಗೇ ಸಾವಿರ ವರ್ಷದ ಹಿಂದೆ ವಿಶ್ವವಿದ್ಯಾಲಯ ಇತ್ತು. ಹುಡುಗರಿಗೆ ಅನ್ನ-ಬಟ್ಟೆ ಪುಕ್ಕಟೆ. ಪುಸ್ತಕ ಭಂಡಾರ ನೋಡಿಕೊಳ್ಳಲಿಕ್ಕೆ ಆರು ಮಂದಿ."

ಹುಡುಗರಲ್ಲೊಬ್ಬ ಕೈ ಎತ್ತಿದ. ಅವನ ತಂದೆ ಫರ್ಸಿ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುತ್ತಾರೆ. "ಸರ್, ನಾ ಆಗ ಹುಟ್ಟಿದ್ರ ನನ್ನ ಇಲ್ಲಿ ಸೇರಿಸ್ಕೋತಿದ್ರೇನ್ರಿ?"

ನಾನು ಥಟ್ಟಂತ ಹೇಳಿದ ಉತ್ತರ: "ಸೇರಿಸ್ಕೋಬಾರದು ಅಂತ ಶಾಸನದಾಗ ಎಲ್ಲೂ ಬರದಿಲ್ಲಪ್ಪ."

"ಬರದಿಲ್ಲ ಅಂದ್ರ ಸೇರಿಸ್ಕೋತಿದ್ರು ಅಂತ ಅರ್ಥ ಏನ್ರಿ?"

ಉಳಿದ ಹುಡುಗರು ನಕ್ಕರು. ನಾನೂ ನಕ್ಕು ಮಾತು ತೇಲಿಸಿದೆ. ಆದರೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಪ್ರಶ್ನೆ ತಲೆಯಲ್ಲಿ. ನಾನು ಹೇಳಿದ್ದು ಅಕ್ಷರಶಃ ಸುಳ್ಳಲ್ಲ, ಆದರೆ ಅದು ಉತ್ತರವೂ ಆಗಿರಲಿಲ್ಲ. ಎಂಜಿನಿಯರ್ ಕೆಲಸದಲ್ಲಿ ಡ್ರಾಯಿಂಗಿನಲ್ಲಿ ಏನು ಬರೆದಿಲ್ಲವೋ ಅದನ್ನೂ ಓದಬೇಕಾಗುತ್ತದೆ. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಯಾರೂ ಡ್ರಾಯಿಂಗಿನಲ್ಲಿ ಬರೆಯುವುದಿಲ್ಲ. ಶಾಸನವೂ ಹಾಗೆಯೇ. ಆ ಹುಡುಗನಿಗೆ ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಲ್ಲು ಹೇಳುವುದು

ಮೊದಲು ಶಾಸನದಲ್ಲಿ ಇರುವುದನ್ನು ನೋಡೋಣ. ನಾಗಾವಿಯ ಹಳೆಯ ಹೆಸರು ನಾಗವಾವಿ. ಶಾಸನದ ಕಾಲ ಶಕ 980, ಅಂದರೆ ಕ್ರಿ.ಶ. 1058. ಕಲ್ಯಾಣದ ಚಾಲುಕ್ಯ ದೊರೆ ತ್ರೈಲೋಕ್ಯಮಲ್ಲ ಆಹವಮಲ್ಲ, ಅಂದರೆ ಒಂದನೆಯ ಸೋಮೇಶ್ವರ ಆಳುತ್ತಿದ್ದ ಕಾಲ. ಅವನ ದಂಡನಾಯಕ ಮಧುಸೂದನ ಇಲ್ಲಿ ದೇವಾಲಯ ಕಟ್ಟಿಸಿ, ಅದಕ್ಕೆ ಹೊಂದಿದಂತೆ ಘಟಿಕಾಸ್ಥಾನ ನಡೆಸಲು ಭೂಮಿ ಬಿಡುತ್ತಾನೆ. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52 ಮಂದಿ. ಶಾಸ್ತ್ರ ಹೇಳಿಕೊಡಲು ಮೂವರು: ಭಾಟ್ಟ ದರ್ಶನಕ್ಕೊಬ್ಬರು, ಪ್ರಾಭಾಕರಕ್ಕೊಬ್ಬರು, ನ್ಯಾಸಕ್ಕೊಬ್ಬರು. ಇವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಲೈಬ್ರರಿಯನ್ ಎಂಬುದಕ್ಕೆ ಇದಕ್ಕಿಂತ ಚೆಂದದ ಕನ್ನಡ ಶಬ್ದ ನನಗೆ ಇನ್ನೂ ಸಿಕ್ಕಿಲ್ಲ.

ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1928ರಲ್ಲಿ, ಹೈದರಾಬಾದ್ ಪುರಾತತ್ವ ಮಾಲೆಯ 8ನೇ ಪುಸ್ತಕವಾಗಿ ನಾಗಾವಿಯ ಶಾಸನಗಳು ಅಚ್ಚಾದವು. ಸಂಪಾದಿಸಿದವರು ಸಿ. ಆರ್. ಕೃಷ್ಣಮಾಚಾರ್ಲು. ಅಂದಿನಿಂದ ಪ್ರಾಚೀನ ಭಾರತದ ಶಿಕ್ಷಣದ ಬಗ್ಗೆ ಬರೆದವರೆಲ್ಲ ನಾಗಾವಿಯನ್ನು ಹೆಸರಿಸುತ್ತಾರೆ. ಹೆಮ್ಮೆ ಪಡಬೇಕಾದ ಸಂಗತಿಯೇ. ಪಾಠ ಹೇಳುವವರಿಗೆ, ಪುಸ್ತಕ ಕಾಯುವವರಿಗೆ ಭೂಮಿಯ ಆಧಾರ ಕೊಟ್ಟು, ದೊರೆ ಬದಲಾದರೂ ಪಾಠ ನಿಲ್ಲದ ಹಾಗೆ ವ್ಯವಸ್ಥೆ ಮಾಡುವುದು ಸಣ್ಣ ವಿಚಾರವಲ್ಲ.

'ಘಟಿಕಾ' ಎಂಬ ಶಬ್ದ ಕನ್ನಡ ನಾಡಿನ ಚರಿತ್ರೆಯಲ್ಲಿ ಬಹಳ ಮುಂಚೆಯೇ ಬರುತ್ತದೆ. ತಾಳಗುಂದದ ಶಾಸನದಲ್ಲಿ ಕದಂಬರ ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗುತ್ತದೆ. ಬ್ರಾಹ್ಮಣ್ಯ ಕ್ಷತ್ರಿಯರ ಎದುರು ದುರ್ಬಲವಾಯಿತಲ್ಲ ಎಂದು ನೊಂದು ಅವನು ಕತ್ತಿ ಹಿಡಿಯುತ್ತಾನೆ, ರಾಜ್ಯ ಕಟ್ಟುತ್ತಾನೆ. ಮುಂದೆ ಅವನ ವಂಶದವರ ಹೆಸರಿನಲ್ಲಿ 'ಶರ್ಮ' ಹೋಗಿ 'ವರ್ಮ' ಬರುತ್ತದೆ. ವರ್ಣದ ಗೆರೆ ದಾಟಿದ್ದನ್ನು ಶಾಸನ ಹೊಗಳಿಯೇ ಹೇಳುತ್ತದೆ. ಅಂದರೆ ಗೆರೆ ಕಬ್ಬಿಣದ್ದಾಗಿರಲಿಲ್ಲ. ಆದರೆ ಆ ಗೆರೆ ಯಾರು ದಾಟಿದರೆ ಹೊಗಳಿಕೆ, ಯಾರು ದಾಟಿದರೆ ದಂಡನೆ? ಪ್ರಶ್ನೆ ಇರುವುದು ಅಲ್ಲಿಯೇ.

ಇನ್ನೊಂದು ವಿಷಯವನ್ನು ಶಾಸನ ಓದುವ ನಾವೆಲ್ಲ ದಿನಾ ನೋಡುತ್ತೇವೆ, ನೋಡಿಯೂ ದಾಟಿ ಹೋಗುತ್ತೇವೆ. ದಾನಶಾಸನಗಳ ಕೊನೆಯ ಶಾಪಾಶಯ. ಈ ಧರ್ಮ ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ, ವಾರಣಾಸಿಯಲ್ಲಿ ಕವಿಲೆಗಳನ್ನೂ ಬ್ರಾಹ್ಮಣರನ್ನೂ ಕೊಂದ ಪಾಪ ಬರಲಿ ಎಂಬ ಮಾತು ನಾಡಿನ ನೂರಾರು ಕಲ್ಲುಗಳ ಮೇಲಿದೆ. ಪಾಪಕ್ಕೂ ಒಂದು ಅಳತೆಗೋಲು ಬೇಕಲ್ಲ. ಆ ಗೋಲಿನಲ್ಲಿ ಹಸುವಿದೆ, ಬ್ರಾಹ್ಮಣನಿದ್ದಾನೆ. ದಾನ ಬಿಟ್ಟ ಹೊಲ ಉತ್ತವನನ್ನು ಕೊಂದ ಪಾಪ ಅಂತ ಹೇಳುವ ರೂಢಿ ಹುಟ್ಟಲಿಲ್ಲ. ಹೀಗೆ ಶ್ರೇಣಿಯನ್ನು ಶಾಸನ ಬಾಯಿಬಿಟ್ಟು ಸಾರುವುದು ಕಡಿಮೆ, ಅಳತೆಯಲ್ಲಿ ಇಟ್ಟಿರುವುದೇ ಹೆಚ್ಚು.

ಪಾಠಪಟ್ಟಿಯೇ ಉತ್ತರ ಹೇಳುತ್ತದೆ

ಹುಡುಗನ ಪ್ರಶ್ನೆಗೆ ಉತ್ತರ ನಾಗಾವಿಯ ಕಲ್ಲಿನಲ್ಲೇ ಇದೆ, ಆದರೆ ನಾನು ಹುಡುಕುತ್ತಿದ್ದ ಕಡೆ ಅಲ್ಲ. ಅದು ಇರುವುದು ಆ ಮೂವರು ಶಾಸ್ತ್ರದ ಉಪಾಧ್ಯಾಯರು ಹೇಳಿಕೊಡುತ್ತಿದ್ದ ವಿಷಯದಲ್ಲಿ.

ಭಾಟ್ಟ ಮತ್ತು ಪ್ರಾಭಾಕರ ಎರಡೂ ಪೂರ್ವಮೀಮಾಂಸೆಯ ಪಂಥಗಳು. ಒಂದು ಕುಮಾರಿಲ ಭಟ್ಟನದು, ಇನ್ನೊಂದು ಪ್ರಭಾಕರನದು. ನ್ಯಾಸ ಅಂದರೆ ವ್ಯಾಕರಣ. (ಕಾಶಿಕೆಗೆ 'ನ್ಯಾಸ' ಎಂಬ ವ್ಯಾಖ್ಯಾನ ಬರೆದ ಜಿನೇಂದ್ರಬುದ್ಧಿ ಬೌದ್ಧನೆಂದು ಪರಂಪರೆ ಹೇಳುತ್ತದೆ. ವೈದಿಕ ಘಟಿಕೆಯಲ್ಲಿ ಬೌದ್ಧನ ಹೆಸರಿನೊಡನೆ ಸೇರಿಕೊಂಡ ವ್ಯಾಕರಣ! ಗ್ರಂಥಕ್ಕೆ ಬಾಗಿಲು ತೆರೆಯುವುದು ಸುಲಭ, ಮನುಷ್ಯನಿಗೆ ಕಷ್ಟ.) ಮೀಮಾಂಸೆಯ ಎರಡು ಪಂಥಗಳು ಬೇಕಾದಷ್ಟು ವಿಷಯಗಳಲ್ಲಿ ಜಗಳವಾಡಿದರೂ ಇಬ್ಬರಿಗೂ ಮೂಲ ಜೈಮಿನಿಯ ಸೂತ್ರ, ಅದರ ಮೇಲೆ ಶಬರನ ಭಾಷ್ಯ. ಆ ಸೂತ್ರಗಳ ಆರನೆಯ ಅಧ್ಯಾಯದ ಹೆಸರೇ 'ಅಧಿಕಾರ'. ಇಲ್ಲಿ ಅಧಿಕಾರ ಅಂದರೆ ಅರ್ಹತೆ: ವೇದ ಹೇಳುವ ಕರ್ಮ ಮಾಡಲು ಯಾರಿಗೆ ಹಕ್ಕಿದೆ?

ಚರ್ಚೆ ಹೀಗೆ ಸಾಗುತ್ತದೆ. ಸ್ವರ್ಗ ಬೇಕೆಂದವನು ಯಜ್ಞ ಮಾಡಬೇಕು ಅಂತ ವೇದ ಹೇಳುತ್ತದೆ. ಸ್ವರ್ಗ ಯಾರಿಗೆ ಬೇಡ? ಎಲ್ಲರಿಗೂ ಬೇಕು. ಹಾಗಾದರೆ ನಾಲ್ಕೂ ವರ್ಣದವರಿಗೆ ಹಕ್ಕು ಇರಬೇಕಲ್ಲ? ಈ ವಾದವನ್ನು ಎತ್ತಿ ಹಿಡಿಯುವ ಆಚಾರ್ಯನ ಹೆಸರೂ ಸೂತ್ರದಲ್ಲಿದೆ: ಬಾದರಿ. ಎಲ್ಲರಿಗೂ ಅಧಿಕಾರ ಉಂಟು ಅನ್ನುವುದು ಬಾದರಿಯ ಮತ. ಇದಕ್ಕೆ ಎದುರು ವಾದ ಏನಪ್ಪಾ ಅಂದರೆ, ಯಜ್ಞ ಮಾಡಲು ಅಗ್ನಿ ಬೇಕು, ಮಂತ್ರ ಬೇಕು, ಮಂತ್ರಕ್ಕೆ ವೇದ ಓದಬೇಕು, ವೇದ ಓದಲು ಉಪನಯನ ಬೇಕು. ಉಪನಯನವನ್ನು ವೇದ ಹೇಳಿದ್ದು ಮೂರು ವರ್ಣಗಳಿಗೆ ಮಾತ್ರ: ಬ್ರಾಹ್ಮಣನಿಗೆ ವಸಂತ, ಕ್ಷತ್ರಿಯನಿಗೆ ಗ್ರೀಷ್ಮ, ವೈಶ್ಯನಿಗೆ ಶರತ್ಕಾಲ. ಶೂದ್ರನಿಗೆ ಋತುವೇ ಇಲ್ಲ. ಆದ್ದರಿಂದ ಅಧಿಕಾರವಿಲ್ಲ. ಇದೇ ಸಿದ್ಧಾಂತ. ಈ ಭಾಗಕ್ಕೆ ಅಪಶೂದ್ರಾಧಿಕರಣ ಎಂದೇ ಹೆಸರು.

ಈಗ ಯೋಚನೆ ಮಾಡಿ. ನಾಗಾವಿಯ ಘಟಿಕೆಯಲ್ಲಿ ಮೀಮಾಂಸೆ ಓದಿದ ವಿದ್ಯಾರ್ಥಿ ಈ ಅಧಿಕರಣವನ್ನು ಓದಿಯೇ ಹೊರಗೆ ಬರಬೇಕು. ಬಾದರಿಯ 'ಎಲ್ಲರಿಗೂ' ಎಂಬ ಮಾತನ್ನು ಪೂರ್ವಪಕ್ಷವಾಗಿ ಕಲಿತು, ಅದನ್ನು ಹೇಗೆ ತಳ್ಳಿಹಾಕಬೇಕೆಂಬುದನ್ನೂ ಕಲಿಯಬೇಕು. ಹಾಸ್ಟೆಲ್ ಹುಡುಗ ಕೇಳಿದ ಪ್ರಶ್ನೆ ಈ ಜಾಗಕ್ಕೆ ಹೊಸದಲ್ಲ. ಅದೇ ಅಂಗಳದಲ್ಲಿ ಆ ಪ್ರಶ್ನೆಯನ್ನು ಪಾಠವಾಗಿಯೇ ಎತ್ತಿ, ತರ್ಕದಿಂದ ಮುಚ್ಚುತ್ತಿದ್ದರು. ಮೀಮಾಂಸೆಗೆ ಎದುರಾಳಿಯ ವಾದವನ್ನು ಪೂರ್ತಿ ಹೇಳುವ ಪ್ರಾಮಾಣಿಕತೆ ಇದೆ, ಅದಕ್ಕೇ ಬಾದರಿಯ ಹೆಸರು ನಮಗೆ ಉಳಿದಿದೆ. ಆದರೆ ಪರೀಕ್ಷೆಯಲ್ಲಿ ಗೆಲ್ಲುವ ಉತ್ತರ ಬಾದರಿಯದಲ್ಲ.

ಹಾಗಾಗಿ ಕಲ್ಲಿನ ಮೇಲೆ 'ಇಂಥವರಿಗೆ ಪ್ರವೇಶವಿಲ್ಲ' ಅಂತ ಯಾಕೆ ಬರೆಯಬೇಕು? 200 ಜನ ವೇದ ಓದುವವರು ಅಂದ ಕೂಡಲೇ ಉಪನಯನ ಆದವರು ಅಂತ ಆಯಿತು. ಬೋರ್ಡು ಬೇಕಾಗಲಿಲ್ಲ.

ಅಕ್ಷರ ಕೆತ್ತಿದವನು ಎಲ್ಲಿ ಕೂರಬೇಕು?

ಇಷ್ಟಕ್ಕೇ ನಿಂತಿದ್ದರೆ ವಿಷಯ ಸರಳ: ಮೂರು ವರ್ಣ ಒಳಗೆ, ಉಳಿದವರು ಹೊರಗೆ. ಆದರೆ ಅದೇ ಅಧ್ಯಾಯದಲ್ಲಿ ಒಂದು ತೊಡಕು ಬರುತ್ತದೆ, ನಮ್ಮಂಥ ಕಲ್ಲು-ಕಟ್ಟಡದ ಮಂದಿಗೆ ಬಹಳ ಹತ್ತಿರದ ತೊಡಕು. ವೇದದಲ್ಲೇ ಒಂದು ಮಾತಿದೆ: ರಥಕಾರನು ಮಳೆಗಾಲದಲ್ಲಿ ಅಗ್ನಿಯನ್ನು ಇಡಬೇಕು ಅಂತ. ರಥ ಮಾಡುವವನಿಗೆ ಒಂದು ಋತು ಸಿಕ್ಕಿಬಿಟ್ಟಿದೆ! ಇವನು ಯಾರು? ಬಡಗಿ ಕೆಲಸ ಮಾಡುವ ಮೂರು ವರ್ಣದವನೇ ಅಥವಾ ಬೇರೆ ಜಾತಿಯೇ? ಬೇರೆ ಜಾತಿ, ಮೂರು ವರ್ಣಕ್ಕಿಂತ ಸ್ವಲ್ಪ ಕೆಳಗಿನ ಸೌಧನ್ವನರು ಎಂದು ಶಬರ ತೀರ್ಮಾನಿಸುತ್ತಾನೆ. ವೇದದ ಮಾತು ನೇರವಾಗಿ ಇರುವುದರಿಂದ ಅವರಿಗೆ ಅಷ್ಟರ ಮಟ್ಟಿಗೆ ಮಾತ್ರ ಹಕ್ಕು. ಬಾಗಿಲು ಅರ್ಧ ತೆರೆದಂತಾಯಿತು.

ಇದು ಬರೀ ಪುಸ್ತಕದ ಚರ್ಚೆಯಾಗಿ ಉಳಿಯಲಿಲ್ಲ. ನಾಗಾವಿ ಶಾಸನದ 60 ವರ್ಷಗಳ ನಂತರ, 1118ರಲ್ಲಿ, ತಮಿಳುನಾಡಿನ ತಿರುಚಿರಾಪಳ್ಳಿ ಹತ್ತಿರದ ಉಯ್ಯಕೊಂಡಾನ್ ತಿರುಮಲೈಯಲ್ಲಿ ಒಂದು ಶಾಸನ ಹುಟ್ಟುತ್ತದೆ. ಮೊದಲನೆಯ ಕುಲೋತ್ತುಂಗ ಚೋಳನ ಕಾಲ. ಅಲ್ಲಿನ ಚತುರ್ವೇದಿಮಂಗಲದ ಭಟ್ಟರು ಸೇರಿ, ಸ್ಮೃತಿಗಳನ್ನು ತೆಗೆದು ನೋಡಿ, ರಥಕಾರರೆಂಬ ಕುಶಲಕರ್ಮಿಗಳು ಯಾವ ಯಾವ ಕೆಲಸ ಮಾಡಬಹುದು ಅಂತ ನಿರ್ಣಯ ಕೊಡುತ್ತಾರೆ: ವಾಸ್ತು, ರಥ ಕಟ್ಟುವುದು, ಗೋಪುರ, ಮಂಟಪ, ವಿಗ್ರಹ, ಯಜ್ಞದ ಪಾತ್ರೆಗಳು. ಕೆಲಸ ಬಲ್ಲವರು ಒಂದು ಕಡೆ. ಆ ಕೆಲಸಕ್ಕೆ ಅರ್ಹತೆ ಉಂಟೋ ಇಲ್ಲವೋ ಎಂದು ಪುಸ್ತಕ ನೋಡಿ ಹೇಳುವವರು ಇನ್ನೊಂದು ಕಡೆ.

ನಮ್ಮ ನಾಡಿನ ಇನ್ನೂ ಹಳೆಯ ಸಾಕ್ಷಿ ಪಟ್ಟದಕಲ್ಲಿನಲ್ಲಿದೆ. ಎಂಟನೆಯ ಶತಮಾನದಲ್ಲಿ ಲೋಕಮಹಾದೇವಿಯ ಗುಡಿ, ಅಂದರೆ ಇಂದಿನ ವಿರೂಪಾಕ್ಷ ದೇವಾಲಯ ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ 'ಪೆರ್ಜೆರೆಪು' ಪಟ್ಟ, ತ್ರಿಭುವನಾಚಾರಿ ಎಂಬ ಬಿರುದು. ಅಲ್ಲಿಯದೇ ಒಂದು ಬರಹವನ್ನು ಜೆ. ಎಫ್. ಫ್ಲೀಟ್ ಓದಿದ್ದು, ಈ ನಾಡಿನ ಕುಶಲಿಗಳ ಮೇಲಿದ್ದ ಬಹಿಷ್ಕಾರವನ್ನು ನಿವಾರಿಸಿದ ಆಚಾರಿ ಎಂಬ ಅರ್ಥದಲ್ಲಿ. ಪಟ್ಟವೂ ಇದೆ, ಬಹಿಷ್ಕಾರವೂ ಇದೆ! ಒಂದೇ ಸಮುದಾಯಕ್ಕೆ ಎರಡೂ ಒಟ್ಟಿಗೆ ಬಂದಿವೆ. ಮುಂದೆ ಶಿಲ್ಪಿಗಳ ಹೆಸರಿನ ಕೊನೆಗೆ 'ಓಜ' ಕಾಣಿಸಿಕೊಳ್ಳುತ್ತದೆ. ಬೇಲೂರಿನಲ್ಲಿ ರುಜು ಮಾಡಿದ ಬಳ್ಳಿಗಾವೆಯ ದಾಸೋಜ ನಮಗೆಲ್ಲ ಗೊತ್ತು. ಓಜ ಬಂದದ್ದು 'ಉಪಾಧ್ಯಾಯ'ದಿಂದ. ಘಟಿಕೆಯಲ್ಲಿ ಸಿಗದ ಉಪಾಧ್ಯಾಯ ಪದವಿಯನ್ನು ಕುಶಲಕರ್ಮಿಗಳು ತಮ್ಮ ಹೆಸರಿನಲ್ಲೇ ಹೊತ್ತು ನಡೆದಂತೆ ನನಗೆ ಕಾಣುತ್ತದೆ.

ನಾಗಾವಿಯ ಕಲ್ಲನ್ನು ಮತ್ತೊಮ್ಮೆ ನೋಡಿ. ಸಾಲು ಡೊಂಕಾಗದೆ, ಒತ್ತಕ್ಷರ ಒಂದಕ್ಕೊಂದು ತಾಗದೆ ಇಷ್ಟುದ್ದದ ಬರಹ ಕೆತ್ತಬೇಕಾದರೆ ಅಕ್ಷರ ಗೊತ್ತಿಲ್ಲದವನಿಂದ ಆಗುವ ಮಾತೇ? ಚಾಣ ಹಿಡಿದವನಿಗೆ ಅಕ್ಷರ ಬರುತ್ತಿತ್ತು. ಅವನು ಕೆತ್ತಿದ್ದು ವಿದ್ಯಾದಾನದ ಶಾಸನ. ಆ ವಿದ್ಯೆಯ ಎದುರು ಮಾತ್ರ ಅವನ ಜಾಗ ಅರ್ಧ ತೆರೆದ ಬಾಗಿಲು. ಖಣಿಯಿಂದ ಕಲ್ಲು ಎಬ್ಬಿಸಿ ತಂದವರಿಗೆ, ದಾನದ ಹೊಲ ಉತ್ತು ಆ ವಿದ್ಯಾರ್ಥಿಗಳ ಅನ್ನ ಬೆಳೆದವರಿಗೆ ಆ ಅರ್ಧ ಬಾಗಿಲೂ ಇರಲಿಲ್ಲ. ಅವರ ಬಗ್ಗೆ ಅಧಿಕರಣವೂ ಇಲ್ಲ, ಪೂರ್ವಪಕ್ಷವೂ ಇಲ್ಲ.

ಮರತೂರಿನ ಲೆಕ್ಕ

ನಾಗಾವಿಯಿಂದ ಶಹಾಬಾದ ಕಡೆ ಹೋದರೆ ಮರತೂರು. ನಮ್ಮ ಭಾಗದವರು ಈ ಊರನ್ನು 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರನ ಊರು ಅಂತ ಗುರುತಿಸುತ್ತಾರೆ. ಅವನ ಹೆಸರಿನ ಭವನವೂ ಅಲ್ಲಿದೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು, ಅಂದರೆ ನಾಗಾವಿ ಶಾಸನದ ಮುಂದಿನ ತಲೆಮಾರು. ಗ್ರಂಥದ ಕೊನೆಯಲ್ಲಿ ಕಲ್ಯಾಣದಂಥ ಊರಿಲ್ಲ, ವಿಕ್ರಮನಂಥ ದೊರೆಯಿಲ್ಲ ಎಂಬ ಹೊಗಳಿಕೆ ಬರುತ್ತದೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ ಮುಂದೆ ಬಂಗಾಳ-ಅಸ್ಸಾಂ ಬಿಟ್ಟು ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಆಸ್ತಿ ಕಾನೂನಿಗೆ ಆಧಾರವಾಯಿತು. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ಕೋರ್ಟುಗಳೂ ಅದನ್ನೇ ಹಿಡಿದವು. ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಎಂಬ ತತ್ವ ಅಲ್ಲಿಂದ ಬಂದದ್ದು. 2005ರ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೂ ಆ ಹಕ್ಕು ಸಿಕ್ಕಾಗ ಪತ್ರಿಕೆಗಳಲ್ಲಿ ಮತ್ತೆ 'ಮಿತಾಕ್ಷರಾ' ಅಂತ ಓದಿದೆವಲ್ಲ, ಅದೇ.

ವಿಜ್ಞಾನೇಶ್ವರ ರಥಕಾರನನ್ನೂ ಚರ್ಚಿಸುತ್ತಾನೆ. ಶಂಖನ ವಚನ ಹಿಡಿದು, ರಥಕಾರನಿಗೆ ಉಪನಯನ ಮೊದಲಾದವು ಉಂಟು, ಕುದುರೆ, ರಥ, ವಾಸ್ತುವಿದ್ಯೆ ಅವನ ವೃತ್ತಿ ಅನ್ನುತ್ತಾನೆ. ಅರ್ಧ ಬಾಗಿಲು ಇನ್ನೊಂದಿಷ್ಟು ತೆರೆಯಿತು ಅನ್ನಿ. ಆದರೆ ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯ, ಅವನು ವಿವರಿಸುವ ಪಾಲಿನ ಲೆಕ್ಕ.

ಒಬ್ಬ ಬ್ರಾಹ್ಮಣನಿಗೆ ನಾಲ್ಕು ವರ್ಣದ ನಾಲ್ವರು ಹೆಂಡಿರು, ಒಬ್ಬೊಬ್ಬರಿಗೆ ಒಬ್ಬೊಬ್ಬ ಮಗ ಅಂದುಕೊಳ್ಳಿ. ಪಾಲು 4, 3, 2, 1ರ ಪ್ರಕಾರ. ಒಟ್ಟು ಹತ್ತು ಭಾಗ. ಬ್ರಾಹ್ಮಣಿಯ ಮಗನಿಗೆ ನಾಲ್ಕು, ಶೂದ್ರಳ ಮಗನಿಗೆ ಒಂದು. ತಂದೆ ಒಬ್ಬನೇ, ಮನೆ ಒಂದೇ, ತಾಯಿಯ ವರ್ಣ ಬೇರೆ. 100 ಗದ್ಯಾಣ ಇದ್ದರೆ 40, 30, 20, 10. ಅನ್ಯಾಯವೇ ಆದರೂ ಎಲ್ಲರಿಗೂ ಏನೋ ಒಂದಿಷ್ಟು ಬಂತು.

ಆದರೆ ಆಸ್ತಿ ಭೂಮಿಯಾಗಿದ್ದರೆ? ಇಲ್ಲಿ ವಿಜ್ಞಾನೇಶ್ವರ ಹಳೆಯ ಸ್ಮೃತಿವಚನ ಎತ್ತಿಕೊಳ್ಳುತ್ತಾನೆ. ದಾನವಾಗಿ ಬಂದ ಭೂಮಿಯನ್ನು ಕ್ಷತ್ರಿಯ ಮೊದಲಾದ ಹೆಂಡಿರ ಮಕ್ಕಳಿಗೆ ಕೊಡಕೂಡದು. ತಂದೆಯೇ ಪ್ರೀತಿಯಿಂದ ಕೊಟ್ಟಿದ್ದರೂ ಅವನು ಸತ್ತ ಮೇಲೆ ಬ್ರಾಹ್ಮಣಿಯ ಮಗ ಅದನ್ನು ವಾಪಸ್ ತೆಗೆದುಕೊಳ್ಳಬಹುದು. ಕೊಂಡ ಭೂಮಿಯಾದರೆ ಕ್ಷತ್ರಿಯಳ, ವೈಶ್ಯಳ ಮಕ್ಕಳಿಗೆ ಪಾಲುಂಟು. ಶೂದ್ರಳ ಮಗನಿಗೆ ಮಾತ್ರ ಭೂಮಿಯಲ್ಲಿ ಪಾಲೇ ಇಲ್ಲ, ಅದಕ್ಕೆ ಬೇರೆಯದೇ ನಿಷೇಧವಿದೆ.

ಅಂದರೆ ದಾನದ ಭೂಮಿ 100 ಮತ್ತರು ಇದ್ದರೆ ಲೆಕ್ಕ 40, 30, 20, 10 ಅಲ್ಲ. 100, 0, 0, 0.

ನಾಗಾವಿಯಂಥ ಶಾಸನಗಳು ದಾಖಲಿಸುವುದು ಯಾವ ಭೂಮಿಯನ್ನು? ದಾನದ ಭೂಮಿಯನ್ನೇ. ಶಾಸನವನ್ನೂ ಧರ್ಮಶಾಸ್ತ್ರವನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ವಿಷಯ ತಿಳಿಯಾಯಿತು. ಕಲ್ಲು ಭೂಮಿಯನ್ನು ಒಂದು ಕೈಗೆ ಕೊಡುತ್ತದೆ, 'ಆಚಂದ್ರಾರ್ಕ' ಅನ್ನುತ್ತದೆ. ಶಾಸ್ತ್ರ ಆ ಕೈಯಿಂದ ಅದು ಬೇರೆ ಕಡೆ ಜಾರದಂತೆ ನೋಡಿಕೊಳ್ಳುತ್ತದೆ. ಸೂರ್ಯ-ಚಂದ್ರ ಇರುವ ತನಕ ಅನ್ನುವುದು ಕವಿಯ ಮಾತಾದರೆ, ಅದನ್ನು ನಡೆಸಲು ಬೇಕಾದ ಯಂತ್ರ ಈ ಪಾಲಿನ ಲೆಕ್ಕ. ಶಾಸ್ತ್ರದಲ್ಲಿ ಹೇಳಿದ್ದೆಲ್ಲ ಊರೂರಲ್ಲಿ ಹಾಗೇ ನಡೆಯಿತು ಅಂತ ನಾನು ಹೇಳುವುದಿಲ್ಲ. ಶಾಸ್ತ್ರ ಹೇಳುವುದು ಹೀಗಿರಬೇಕು ಎಂದು, ಹೀಗಿತ್ತು ಎಂದಲ್ಲ. ಆದರೆ ಶ್ರೇಣಿ ಅನ್ನುವುದು ಬರೀ ಮುಟ್ಟುವ-ಮುಟ್ಟದ ವಿಷಯ ಅಲ್ಲ, ಮತ್ತರಿನ ಲೆಕ್ಕ ಎಂಬುದು ಇದರಿಂದ ಗೊತ್ತಾಗುತ್ತದೆ. ಒಮ್ಮೆ ಓದು ಮತ್ತು ಭೂಮಿ ಎರಡೂ ಒಂದೇ ಕಡೆ ಸೇರಿದರೆ, ಉಳಿದವರಿಗೆ ಉಳಿಯುವುದು ಕೂಲಿ.

ಅದೇ ತಾಲೂಕು, ಇನ್ನೊಂದು ಕಾಲ

ಹಾಗಾದರೆ ನಮ್ಮ ನೆಲದಲ್ಲಿ ಯಾವಾಗಲೂ ಹೀಗೇ ಇತ್ತೇ? ಚಿತ್ತಾಪುರ ತಾಲೂಕಿನ ಇನ್ನೊಂದು ಬದಿಗೆ, ಭೀಮಾ ದಂಡೆಯ ಸನ್ನತಿಗೆ ಬನ್ನಿ. ಅಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಅಶೋಕನ ಶಾಸನದ ಕಲ್ಲು ಸಿಕ್ಕಿದ್ದು ನಿಮಗೆಲ್ಲ ಗೊತ್ತು. ಅದರಲ್ಲಿರುವ 12ನೇ ಶಿಲಾಶಾಸನದ ಸಾರ: ತನ್ನ ಪಂಥವನ್ನು ಮೆರೆಸಿ ಇನ್ನೊಬ್ಬರ ಪಂಥವನ್ನು ಹಳಿಯಬೇಡ. ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆಯವರು ಅಗೆದು ತೆಗೆದ ಮಹಾಸ್ತೂಪದ ಮೇಲೆ ಚಿಕ್ಕ ಚಿಕ್ಕ ಪ್ರಾಕೃತ ಬರಹಗಳಿವೆ. 'ರಾಯೋ ಅಸೋಕೋ' ಎಂಬ ಹೆಸರಿರುವ ಫಲಕ ಜಗತ್ತಿಗೇ ಗೊತ್ತಾಯಿತು. ನನಗೆ ಅದಕ್ಕಿಂತ ಇಷ್ಟ ದಾನಿಗಳ ಬರಹಗಳು. ಗೃಹಸ್ಥರು, ಹೆಣ್ಣುಮಕ್ಕಳು, ಭಿಕ್ಷು-ಭಿಕ್ಷುಣಿಯರು ಒಂದೊಂದು ಚಪ್ಪಡಿ ಕೊಟ್ಟು ಹೆಸರು ಬರೆಸಿದ್ದಾರೆ. ಅಲ್ಲಿ ಕಲ್ಲಿನ ಮೇಲೆ ಜಾಗ ಸಿಗುವುದು ಚಪ್ಪಡಿ ಕೊಟ್ಟವರಿಗೆ.

ಇದನ್ನು ಓದಿ 'ಬೌದ್ಧರ ಕಾಲದಲ್ಲಿ ಜಾತಿಯೇ ಇರಲಿಲ್ಲ' ಅಂತ ಹಾರಬೇಡಿ. ಕನಗನಹಳ್ಳಿಯ ಫಲಕಗಳಲ್ಲಿ ಶಾತವಾಹನ ದೊರೆಗಳೂ ಇದ್ದಾರೆ, ಪುಳುಮಾವಿಯೂ ಇದ್ದಾನೆ. ಅದೇ ಪುಳುಮಾವಿಯ 19ನೇ ಆಳ್ವಿಕೆಯ ವರ್ಷದಲ್ಲಿ ಅವನ ಅಜ್ಜಿ ಗೌತಮಿ ಬಲಶ್ರೀ ನಾಸಿಕದಲ್ಲಿ ಬೌದ್ಧ ಭಿಕ್ಷುಗಳಿಗೆ ಗುಹೆ ಕೊಡುತ್ತ, ತನ್ನ ಮಗ ಗೌತಮೀಪುತ್ರನನ್ನು ಹೇಗೆ ಹೊಗಳುತ್ತಾಳೆ ಗೊತ್ತೇ? ನಾಲ್ಕು ವರ್ಣಗಳ ಸಂಕರವನ್ನು ನಿಲ್ಲಿಸಿದವನು ಅಂತ. ದಾನ ಬೌದ್ಧರಿಗೆ, ಹೊಗಳಿಕೆ ವರ್ಣಧರ್ಮದ್ದು. 'ನಿಲ್ಲಿಸಿದ' ಅಂದರೆ ಬೆರಕೆ ನಡೆಯುತ್ತಿತ್ತು ಎಂತಲೂ ಆಯಿತು. ಎರಡೂ ಪ್ರವಾಹಗಳು ಮೊದಲಿನಿಂದಲೇ ಹರಿಯುತ್ತಿದ್ದವು. ಯಾವ ಕಾಲದಲ್ಲಿ ಯಾವುದಕ್ಕೆ ಭೂಮಿಯ, ದೊರೆಯ ಬಲ ಸಿಕ್ಕಿತು ಎಂಬುದೇ ವ್ಯತ್ಯಾಸ.

ನಾಗಾವಿಯ ಕಲ್ಲು ನೆಟ್ಟು ನೂರು ವರ್ಷ ಕಳೆಯುವಷ್ಟರಲ್ಲಿ, ಅದೇ ಕಲ್ಯಾಣದಲ್ಲಿ, ಬಿಜ್ಜಳನ ಕಾಲಕ್ಕೆ, ಬಾದರಿಯ ಹಳೆಯ ಪೂರ್ವಪಕ್ಷ ಮತ್ತೆ ಎದ್ದು ಕೂತಿತು. ಈ ಸಲ ಸಂಸ್ಕೃತದಲ್ಲಲ್ಲ, ಕನ್ನಡದಲ್ಲಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ. ಘಟಿಕೆಯ ಪಟ್ಟಿಯಲ್ಲಿ ಕೂರಲಾರದ ಹೆಸರುಗಳು ಇವು. ಜನ ಕೀಳೆಂದ ಕಸುಬನ್ನೇ ಹೆಸರಿನ ಮುಂದೆ ಇಟ್ಟುಕೊಂಡು ಮಾತಾಡಿದರು. ಅವರಿಗೆ ಮತ್ತರು ಬಿಟ್ಟ ದಂಡನಾಯಕ ಯಾರೂ ಇಲ್ಲ. ಮಾತು ಉಳಿದದ್ದು ಕಲ್ಲಿನ ಮೇಲಲ್ಲ, ಜನರ ಬಾಯಲ್ಲಿ, ಓಲೆಗರಿಗಳಲ್ಲಿ.

ಕಲ್ಲೂ ಅಪರೂಪಕ್ಕೊಮ್ಮೆ ಬಾಯಿ ಬಿಟ್ಟಿದೆ. 16ನೇ ಶತಮಾನದಲ್ಲಿ, ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ, ಕೊಂಡೋಜನೆಂಬ ಕ್ಷೌರಿಕ ಅಳಿಯ ರಾಮರಾಯನನ್ನು ಮೆಚ್ಚಿಸಿ ತನ್ನ ಕಸುಬಿನವರ ಮೇಲಿನ ತೆರಿಗೆ ತೆಗೆಸಿದ. ಬಾದಾಮಿಯೂ ಸೇರಿ ಹಲವು ಕಡೆ ಅದು ಶಾಸನವಾಗಿದೆ. ತೆರೆ ಕೊಡುವವರ ಕಡೆಯ ಒಬ್ಬ ಮನುಷ್ಯ ತನ್ನವರಿಗಾಗಿ ಪಡೆದದ್ದಕ್ಕೆ ಕಲ್ಲು ಸಾಕ್ಷಿಯಾಗುವುದು ನಮ್ಮಲ್ಲಿ ಬಹಳ ವಿರಳ. ಹಾಗಾಗಿಯೇ ಕೊಂಡೋಜನ ಶಾಸನ ಎದುರಾದಾಗಲೆಲ್ಲ ನಾನು ಒಂದು ನಿಮಿಷ ನಿಲ್ಲುತ್ತೇನೆ.

ಮುಂದಿನ ಸಲ ಏನು ಹೇಳಬೇಕು?

ಇಷ್ಟೆಲ್ಲ ಬರೆದದ್ದು ನಾಗಾವಿಯ ಹೆಮ್ಮೆ ಇಳಿಸಲಿಕ್ಕಲ್ಲ. 1058ರಲ್ಲಿ ಪುಸ್ತಕ ಕಾಯುವವನಿಗೂ ಭೂಮಿ ಕೊಡಬೇಕೆಂದು ಯೋಚಿಸಿದ ಊರು ನಮ್ಮದು. ಅದು ನಿಜ. ಆ ವಿದ್ಯೆಯ ಬಾಗಿಲು ಹುಟ್ಟು ನೋಡಿ ತೆರೆಯುತ್ತಿತ್ತು. ಅದೂ ನಿಜ. ಮೊದಲನೆಯದನ್ನು ಮಾತ್ರ ಹೇಳಿದರೆ ನಾವು ಆ ಮಕ್ಕಳಿಗೆ ಮತ್ತೊಂದು ಸಲ ಬಾಗಿಲು ಹಾಕಿದಂತೆ: ಇದು ನಿಮ್ಮ ಪರಂಪರೆ ಅಂತ ಕರೆದುಕೊಂಡು ಹೋಗಿ, ಅದರಲ್ಲಿ ಅವರ ಜಾಗ ಎಲ್ಲಿ ಅಂತ ಕೇಳಿದಾಗ ನಕ್ಕು ಮಾತು ತೇಲಿಸಿದಂತೆ. ನಾನು ಮಾಡಿದ್ದು ಅದನ್ನೇ.

ಅದಕ್ಕೇ ನನ್ನ ಬಾಯಿಪಾಠವನ್ನು ತಿದ್ದಿಕೊಂಡಿದ್ದೇನೆ. 'ವಿಶ್ವವಿದ್ಯಾಲಯ' ಅನ್ನುವುದನ್ನು ಬಿಟ್ಟು ಶಾಸನದ ಶಬ್ದವನ್ನೇ ಹೇಳುತ್ತೇನೆ, ಘಟಿಕಾಸ್ಥಾನ ಅಂತ. ಏನು ಓದುತ್ತಿದ್ದರು, ಆ ಓದಿಗೆ ಯಾರು ಅರ್ಹರೆಂದು ಆ ಪುಸ್ತಕಗಳೇ ಹೇಳುತ್ತಿದ್ದವು, ಬಾದರಿ ಎಂಬ ಒಬ್ಬ ಆಚಾರ್ಯ ಏನಂದಿದ್ದ, ಅವನನ್ನು ಹೇಗೆ ಸೋಲಿಸಿದರು, ಅಷ್ಟನ್ನೂ ಹೇಳುತ್ತೇನೆ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ ಅಷ್ಟೆ. ಕಲ್ಲು ಎಬ್ಬಿಸಿದವರ, ಹೊಲ ಉತ್ತವರ ವಿಷಯಕ್ಕೆ ಬಂದಾಗ ಹೇಳಲು ನನ್ನ ಹತ್ತಿರ ಹೆಸರುಗಳಿಲ್ಲ. ಹೆಸರಿಲ್ಲ ಅನ್ನುವುದನ್ನೇ ಹೇಳುತ್ತೇನೆ.

ಮೊನ್ನೆ ಅದೇ ಹುಡುಗರೊಂದಿಗೆ ಮತ್ತೆ ಹೋಗಿದ್ದೆ. ಉತ್ತರ ಹೇಳಿದೆ: "ಇಲ್ಲಪ್ಪ, ನಿನ್ನ ಸೇರಿಸ್ಕೋತಿರಲಿಲ್ಲ." ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ನನಗ ಗೊತ್ತಿತ್ರಿ ಸರ್, ನಿಮಗ ಗೊತ್ತೈತೋ ಇಲ್ಲೋ ಅಂತ ಕೇಳಿದ್ದೆ" ಅಂದ. ಆಮೇಲೆ ಹಳಗನ್ನಡ ಲಿಪಿಯಲ್ಲಿ 'ಸ', 'ಮ', 'ವ' ಹೇಗೆ ಗುರುತಿಸುವುದು ಅಂತ ಕಲ್ಲಿನ ಮುಂದೆ ಕೂತು ಒಂದು ತಾಸು ಕಲಿತ. ಅವನಿಗೆ ನನಗಿಂತ ಚುರುಕು ಕಣ್ಣಿದೆ, ಎರಡು ಕಡೆ ನನ್ನ ಓದು ತಪ್ಪು ಅಂತ ತೋರಿಸಿದ.

ಓದುಗರಲ್ಲಿ ನನ್ನ ವಿನಂತಿ ಎರಡು. ನಾಗಾವಿಗೆ ಹೋದರೆ ಅಕ್ಷರ ಕಾಣಲಿ ಅಂತ ಕಲ್ಲಿಗೆ ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ. ಸಂಜೆಯ ಓರೆ ಬಿಸಿಲಿನಲ್ಲಿ ಅಥವಾ ಪಕ್ಕದಿಂದ ಟಾರ್ಚ್ ಹಿಡಿದು ನೋಡಿದರೆ ಚೆನ್ನಾಗಿ ಕಾಣುತ್ತದೆ. ಇನ್ನೊಂದು, ನಿಮ್ಮ ಊರಿನ ಶಾಸನಗಳಲ್ಲಿ ಕೆಲಸ ಮಾಡಿದವರ, ತೆರೆ ಕೊಟ್ಟವರ, ಉತ್ತವರ ಹೆಸರು ಎಲ್ಲಿಯಾದರೂ ಕಂಡಿದ್ದರೆ ಫೋಟೋ ಸಮೇತ ಕಳಿಸಿ. ಒಂದು ಪಟ್ಟಿ ಮಾಡುತ್ತಿದ್ದೇನೆ. ಮೇಲಿನ ಬರಹದಲ್ಲಿ ತಪ್ಪು ಕಂಡರೆ ಮುಲಾಜಿಲ್ಲದೆ ಹೇಳಿ, ತಿದ್ದಿಕೊಳ್ಳುತ್ತೇನೆ.